ನಾಲ್ಕು ಗಾಲಿಯ ಹೋರಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಘಾಟಿಗೆ ಸೀನಿ ಸೀನಿ ಬೆಳೆದ ನನಗೆ, ವಾರ್ಧಕ್ಯದ ಹೊಸ್ತಿಲಲ್ಲಿ ನಾಲ್ಕು ದಪ್ಪ ಗಾಲಿಗಳ ಮೇಲೆ ಕುಳಿತು ಗುಡ್ಡವೇರುವ ಯೋಗವೊದಗೀತೆಂದು ಯಾವ ಜ್ಯೋತಿಷಿಯೂ ನುಡಿದಿರಲಿಲ್ಲ. ಬೆಂಗಳೂರಿನಿಂದ ಬಂದ ಅಣ್ಣನ ಮಗನು ರಾಣೇಬೆನ್ನೂರಿನಾಚೆಯ ಬೋಳುಗುಡ್ಡವೊಂದರ ಬುಡದಲ್ಲಿ ಸ್ಪೋರ್ಟ್ಸ್ ಕ್ವಾಡ್ ಎಂಬ ಆ ವಾಹನವನ್ನಿಳಿಸಿ, ಹೆಬ್ಬೆರಳಿನಿಂದೊತ್ತುವ ಆಕ್ಸಿಲರೇಟರನ್ನು ತೋರಿಸಿ, “ಕಾಕಾ, ಏರಿನ್ಯಾಗ ಮುಂದಕ್ಕ ಬಾಗ್ರಿ, ಹಿಂದಕ್ಕ ವಾಲಿದ್ರ ಗಾಡಿ ನಿಮ್ಮ ಮ್ಯಾಲ ಬೀಳತೈತಿ” ಎಂದು ಉಪದೇಶಿಸಿದನು. ಇದೇನು ಅಪೂರ್ವ ವಿದ್ಯೆಯೇ? ಏರಿನಲ್ಲಿ ಹೇರು ಹಿಂದಾಗಿ ನೊಗ ಮೇಲೆದ್ದಾಗ ನಮ್ಮಪ್ಪನು ಚಕ್ಕಡಿಯ ಮೂಕಿಯ ಮೇಲಕ್ಕೆ ಸರಿದು ಕೂಡುತ್ತಿದ್ದುದು ಇದೇ ಶಾಸ್ತ್ರಾನುಸಾರವಾಗಿ. ಎತ್ತುಗಳಿಗೆ ಮೊದಲನೆಯ ಗೇರು ಹಾಕುವ ಅವಶ್ಯಕತೆಯೊಂದಿರಲಿಲ್ಲ.

ಏರಿದ್ದಾಯಿತು. ಜಿಗಿತದ ಪ್ರಕರಣವೇ ಬೇರೆ. ಕುಳಿತು ಹಾರಬಾರದು, ಕಾಲ್ಮೆಟ್ಟುಗಳ ಮೇಲೆ ನಿಂತು ಮೊಣಕಾಲು ಮೊಣಕೈಗಳನ್ನು ತುಸು ಮಡಿಸಿ ಸಡಿಲವಾಗಿರಿಸಬೇಕು, ನೆಗೆಯುವ ಕ್ಷಣದಲ್ಲಿ ಹೆಬ್ಬೆರಳನ್ನು ತಟ್ಟನೆ ತೆಗೆದರೆ ಗಾಡಿಯ ಮೂತಿ ನೆಲಕ್ಕೆ ಬಾಗುವುದು ಎಂಬಿವೆಲ್ಲವನ್ನೂ ಕೇಳಿ ತಲೆದೂಗಿದ ನಾನು, ದಿಬ್ಬವೆದುರಾದೊಡನೆ ಪ್ರಾಣಭಯದಿಂದ ಮೊದಲು ತೆಗೆದದ್ದು ಆ ಹೆಬ್ಬೆರಳನ್ನೇ. ಹಾವೇರಿ ಸೀಮೆಯಲ್ಲಿ ದೀಪಾವಳಿಯ ತರುವಾಯ ಕೊಬ್ಬರಿ ಕಟ್ಟಿಕೊಂಡೋಡುವ ಹೋರಿಗಳಾದರೂ ಎದುರು ಬಂದವರನ್ನಷ್ಟೇ ಕೆಡಹುವವು. ಈ ಹೋರಿಯು ಬೆನ್ನ ಮೇಲಿದ್ದವನನ್ನೇ ಜಾಲಿಕಂಟಿಗೆ ಸಮರ್ಪಿಸಿತು. ಹುಡುಗನು ನಗೆ ತಡೆಯಲಾರದೆ ಒಂದೊಂದಾಗಿ 11 ಮುಳ್ಳು ಕೀಳುತ್ತಿರಲು, ನನ್ನ ಮುಖವು ನಮ್ಮೂರ ಮೆಣಸಿನಕಾಯಿಯಂತೆ ಬಣ್ಣಕ್ಕೆ ಮಿಗಿಲಾಗಿ ಖಾರಕ್ಕೆ ಕಡಿಮೆಯಾಗಿತ್ತು.

ಹೆಲ್ಮೆಟ್ಟಿನ ಮೇಲಣ ಗೀರನ್ನು ಮನೆಯಾಕೆಗೆ ಇನ್ನೂ ತೋರಿಸಿಲ್ಲ. ವಾಚಕರೂ ತಿಳಿಸದಿರಬೇಕಾಗಿ ವಿನಂತಿ.