ಮನೆ ಪಾಲಾಯ್ತು, ಮೇಲ್ ಪಾಲಾಗಲಿಲ್ಲ

ಬೈಂದೂರಿನ ಯಡ್ತರೆ ಕಡೆಯ ಮನೆಗಳಲ್ಲಿ ಗದ್ದೆ ಪಾಲಾಗಿದೆ, ತೆಂಗಿನ ತೋಟ ಪಾಲಾಗಿದೆ, ಒಂದೇ ಬಾವಿಗೆ ಎರಡು ಪಂಪು ಕೂತಿದೆ, ನಾಗಬನಕ್ಕೆ ಹೋಗುವ ದಾರಿಯ ಮೇಲೂ ಕೇಸು ನಡೆದು ಮುಗಿದಿದೆ. ಯಾವ ಪಾಲುಪಟ್ಟಿಗೂ ಸಿಗದೆ ಅಖಂಡವಾಗಿ ಉಳಿದ ಆಸ್ತಿ ಒಂದೇ: ಇಮೇಲ್ ಐಡಿ. ಕೂಡುಕುಟುಂಬ ಹೇಗಿತ್ತು ಅಂತ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಇನ್ನು ಹಳೇ ಚಾವಡಿಗಳ ಕಂಬ ಎಣಿಸಿಕೊಂಡು ತಿರುಗಬೇಕಾಗಿಲ್ಲ, ಇನ್‌ಬಾಕ್ಸ್ ತೆರೆದು ನೋಡಿದರೆ ಸಾಕು.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಕಲ್ಪಿಸಿಕೊಳ್ಳುವುದು ಕಷ್ಟವಾದರೆ ಪಕ್ಕದ ಮನೆಗೆ ಹೋಗಿ ಬನ್ನಿ. ಯಜಮಾನರು ಊರಲ್ಲಿ, ದೊಡ್ಡ ಮಗ ಬೆಂಗಳೂರಿನ ಹೋಟೆಲ್ ಗಲ್ಲೆಯಲ್ಲಿ, ಮಗಳು ದುಬೈಯಲ್ಲಿ, ಕಿರಿಯವ ಕುಂದಾಪುರದ ಕಾಲೇಜಿನಲ್ಲಿ. ನಾಲ್ವರಿಗೂ ಸೇರಿ ಐಡಿ ಒಂದು. ಯಜಮಾನರು ಮೊದಲ ಸ್ಮಾರ್ಟ್‌ಫೋನ್ ಕೊಂಡ ದಿನ ಅಂಗಡಿಯ ಹುಡುಗ ನಿಂತ ನಿಲುವಿನಲ್ಲೇ ಮಾಡಿಕೊಟ್ಟದ್ದು ಅದು. ಪಾಸ್‌ವರ್ಡ್ ಆ ಹುಡುಗನಿಗೆ ಗೊತ್ತಿತ್ತು. ಹುಡುಗ ಈಗ ಕತಾರಿನಲ್ಲಿದ್ದಾನೆ. ಐಡಿ ಮಾತ್ರ ಬೆಳೆಯುತ್ತಾ ಹೋಯಿತು. ಯಜಮಾನರ ಹೊಸ ಫೋನಿಗೆ ಬಂತು. ಹಳೇ ಫೋನು ಮೊಮ್ಮಗನ ಗೇಮಿಗೆ ಹೋದಾಗ ಅದರೊಳಗೇ ಉಳಿಯಿತು. ಕೊರೊನಾ ವರ್ಷ ಆನ್‌ಲೈನ್ ಕ್ಲಾಸಿಗೆಂದು ತಂದ ಟ್ಯಾಬಿಗೆ ಹತ್ತಿತು. ಮಗನ ಲ್ಯಾಪ್‌ಟಾಪು, ಮಗಳ ಐಫೋನು, ಜಗಲಿಯ ಟಿವಿ ಎಲ್ಲವನ್ನೂ ಹಿಡಿಯಿತು. ಅರ್ಜಿ ತುಂಬಿಸಿಕೊಳ್ಳಲು ಹೋದ ಸೇವಾ ಕೇಂದ್ರದ ಕಂಪ್ಯೂಟರಿನಲ್ಲೂ ಅದು ಇರಲೇಬೇಕು. ಅಲ್ಲಿ ಲಾಗ್‌ಔಟ್ ಮಾಡಿ ಎದ್ದು ಬಂದವರನ್ನು ನಾನಂತೂ ಕಂಡಿಲ್ಲ.

ಇಷ್ಟು ಕಡೆ ಒಂದೇ ಕಾಗದ ಒಂದೇ ಗಳಿಗೆಯಲ್ಲಿ ಕಾಣಿಸಿಕೊಳ್ಳುತ್ತದಲ್ಲ, ಅದೇನು ಸಣ್ಣ ಸಂಗತಿಯಲ್ಲ. ನಮ್ಮ ದೇಶದ ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಇಂಟರ್‌ನೆಟ್ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ಆಗಿನ ಮೇಲ್ ನಡೆಯುತ್ತಿದ್ದದ್ದು ಬಹುಪಾಲು ಪಾಪ್ ಅನ್ನುವ ಪದ್ಧತಿಯಲ್ಲಿ. ಯಾವ ಕಂಪ್ಯೂಟರ್ ಮೊದಲು ಕೇಳಿತೋ ಅದು ಸರ್ವರಿನಲ್ಲಿದ್ದ ಮೇಲನ್ನೆಲ್ಲ ಇಳಿಸಿಕೊಳ್ಳುತ್ತಿತ್ತು, ಇಳಿಸಿಕೊಂಡದ್ದನ್ನು ಸರ್ವರಿನಿಂದ ಅಳಿಸುವುದೇ ವಾಡಿಕೆಯಾಗಿತ್ತು. ಸಂತರ್ಪಣೆಗೆ ಮೊದಲು ಬಂದವ ಪಾಯಸದ ಹಂಡೆಯನ್ನೇ ಹೊತ್ತುಕೊಂಡು ಹೋದ ಹಾಗೆ. ಆಮೇಲೆ ಬಂದ ಕಂಪ್ಯೂಟರಿಗೆ ಬಾಳೆಯೆಲೆ ಮಾತ್ರ. 'ಸರ್ವರಿನಲ್ಲೊಂದು ಪ್ರತಿ ಇರಲಿ' ಅನ್ನುವ ಖಾನೆಯೊಂದು ಸೆಟ್ಟಿಂಗ್ಸಿನ ಮೂಲೆಯಲ್ಲಿ ಇರುತ್ತಿತ್ತು ನಿಜ. ಅದಕ್ಕೆ ಟಿಕ್ ಹಾಕಬೇಕೆಂದು ಗೊತ್ತಾಗುತ್ತಿದ್ದದ್ದು ಮೇಲೆಲ್ಲ ಹೋದ ಮೇಲೆ.

ಈ ಫಜೀತಿಗೆ ಮದ್ದನ್ನು ಸ್ಟ್ಯಾನ್‌ಫರ್ಡಿನಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ಎಂಬಾತ 1986ರಲ್ಲೇ ಅರೆದಿಟ್ಟಿದ್ದ. ಹೆಸರು ಐಮ್ಯಾಪ್. ಮೇಲ್ ಸರ್ವರಿನಲ್ಲೇ ಇರಲಿ, ಎಲ್ಲಿಂದ ಬೇಕಾದರೂ ಬಂದು ನೋಡಲಿ. ಯಾರು ಏನು ಮಾಡಿದರೂ ಸರ್ವರಿನಲ್ಲೇ ಗುರುತಾಗಲಿ, ಉಳಿದವರಿಗೂ ಅದೇ ಕಾಣಲಿ. ಇದಕ್ಕೇ ಸಿಂಕ್ ಅನ್ನುವುದು. ಇಂದಿನ ಜಿಮೇಲ್ ಆ್ಯಪ್ ಒಳಗೊಳಗೆ ಬೇರೆ ಭಾಷೆ ಆಡುತ್ತದಾದರೂ ತತ್ವ ಇದೇ. ಐಮ್ಯಾಪ್ ಪ್ರತಿ ಮೇಲಿಗೂ ಕೆಲವು ಗುರುತು ಹಾಕುತ್ತದೆ: ನೋಡಿಯಾಗಿದೆ, ಉತ್ತರಿಸಿಯಾಗಿದೆ, ಮುಖ್ಯವಾದದ್ದು, ಅಳಿಸಬೇಕಾದದ್ದು, ಕರಡು. 'ನೋಡಿಯಾಗಿದೆ' ಅಂತ ಇದೆ. ಯಾರು ನೋಡಿದ್ದು ಅನ್ನುವುದಕ್ಕೆ ಗುರುತಿಲ್ಲ. ಒಂದು ಐಡಿಗೆ ಒಬ್ಬ ಮನುಷ್ಯ ಅಂತ ಪಾಪ ಕ್ರಿಸ್ಪಿನ್ ನಂಬಿದ್ದಿರಬೇಕು. ಆತ ಬೈಂದೂರಿನ ಮೂಕಾಂಬಿಕಾ ರೋಡ್ ಸ್ಟೇಷನ್ನಿನಲ್ಲಿ ಒಮ್ಮೆ ಇಳಿದಿದ್ದರೆ ಅದಕ್ಕೂ ಗುರುತೊಂದನ್ನು ಸೇರಿಸಿಯೇ ರೈಲು ಹತ್ತುತ್ತಿದ್ದ.

ಈಗ ನೋಡಿ, ಬೆಳಿಗ್ಗೆ ವಿಮೆಯ ಕಂತಿನ ಮೇಲ್ ಬಂತು ಅಂದುಕೊಳ್ಳಿ. ಟಿವಿ ಬಿಟ್ಟು ಉಳಿದೆಲ್ಲ ಪರದೆಯ ಮೇಲೆ ದಪ್ಪಕ್ಷರದಲ್ಲಿ ಎದೆಯುಬ್ಬಿಸಿ ನಿಂತಿತು. ಮೊಮ್ಮಗ ಗೇಮಿನಲ್ಲಿ ಯಾರನ್ನೋ ಗುಂಡಿಟ್ಟು ಕೊಲ್ಲುತ್ತಿದ್ದವ, ಹೆಬ್ಬೆರಳು ಜಾರಿ ಅದರ ಮೇಲೆ ಬಿತ್ತು. ಮೇಲ್ ತೆರೆಯಿತು. ಹುಡುಗ ಥೂ ಅಂದ, ಹಿಂದಕ್ಕೆ ಹೋದ. ಅಷ್ಟೇ. ಯಡ್ತರೆ, ಬೆಂಗಳೂರು, ದುಬೈ, ಕುಂದಾಪುರ ಎಲ್ಲ ಕಡೆ ಏಕಕಾಲಕ್ಕೆ ದಪ್ಪಕ್ಷರ ಸಪೂರವಾಯಿತು. ಯಜಮಾನರು ಸಂಜೆ ಕನ್ನಡಕ ಏರಿಸಿ ಕಂಡರು. "ಮಾಣಿ ಕಂಡಿರ್ಕ್" ಅಂದರು. ಬೆಂಗಳೂರಿನ ಮಾಣಿ ರಾತ್ರಿ ಗಲ್ಲೆ ಮುಚ್ಚುವಾಗ ಕಂಡ. "ಅಪ್ಪಯ್ಯ ಕಂಡಿರ್ಕ್" ಅಂದ. ದುಬೈಯ ಮಗಳಿಗೆ ಅಣ್ಣನ ಮೇಲೆ ಭರವಸೆ, ಕಿರಿಯವನಿಗೆ ಎಲ್ಲರ ಮೇಲೂ ಭರವಸೆ. ವಿಮೆ ಲ್ಯಾಪ್ಸ್ ಆಯಿತು. ಸಿಂಕ್ ಕೆಲಸ ಮಾಡಲಿಲ್ಲ ಅಂತ ದೂರುವ ಹಾಗೇ ಇಲ್ಲ. ಅದು ಮಾಡಿದಷ್ಟು ಚೊಕ್ಕ ಕೆಲಸವನ್ನು ಆ ಮನೆಯಲ್ಲಿ ಯಾರೂ ಮಾಡಲಿಲ್ಲ. ಮೇಲನ್ನೂ ಮುಟ್ಟಿಸಿತು, 'ಯಾರೋ ನೋಡಿದ್ದಾರೆ' ಅನ್ನುವ ನೆಮ್ಮದಿಯನ್ನೂ ಎಲ್ಲರಿಗೂ ಸಮನಾಗಿ ಹಂಚಿತು.

ಹಾಗಾದರೆ ಮೇಲ್ ತಲುಪಲೇ ಇಲ್ಲ ಅಂತ ವಾದಿಸೋಣ ಅನ್ನುತ್ತೀರಾ? ಆ ಬಾಗಿಲೂ ಮುಚ್ಚಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000, ಸೆಕ್ಷನ್ 13 ಏನು ಹೇಳುತ್ತದೆಂದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಇಂಥಲ್ಲಿಗೆ ಕಳಿಸಿ ಅಂತ ನೀವು ಗೊತ್ತುಮಾಡಿಕೊಟ್ಟ ಕಂಪ್ಯೂಟರ್ ವ್ಯವಸ್ಥೆಯೊಳಗೆ ದಾಖಲೆ ಹೊಕ್ಕ ಗಳಿಗೆಯೇ ಅದು ನಿಮಗೆ ತಲುಪಿದ ಗಳಿಗೆ. ಓದಬೇಕೆಂದಿಲ್ಲ, ತೆರೆಯಬೇಕೆಂದೂ ಇಲ್ಲ. ರಿಜಿಸ್ಟರ್ ಕಾಗದದ ಕಾಲದಲ್ಲಿ ಪೋಸ್ಟ್‌ಮ್ಯಾನ್ ಅಂಗಳದಲ್ಲಿ ನಿಂತು ಹೆಸರು ಕೂಗುತ್ತಿದ್ದರು, ಸಹಿ ಕೇಳುತ್ತಿದ್ದರು. ಯಜಮಾನರು ತೋಟಕ್ಕೆ ಹೋಗಿದ್ದಾರೆ ಅಂತ ಹೇಳಿಸಿ ಒಂದೆರಡು ದಿನ ತಳ್ಳಬಹುದಿತ್ತು. ನೋಟಿಸಿನಿಂದ ತಪ್ಪಿಸಿಕೊಳ್ಳುವುದರಲ್ಲೂ ಒಂದು ಕಲೆ ಇತ್ತು. ಆ ರಿಜಿಸ್ಟರ್ ಪೋಸ್ಟೇ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಕರಗಿಹೋಯಿತು. ಇನ್‌ಬಾಕ್ಸಿನಲ್ಲಿ ಅಂಗಳವೂ ಇಲ್ಲ, ಕೂಗುವವರೂ ಇಲ್ಲ.

ಅಂದ ಮಾತ್ರಕ್ಕೆ ಸರ್ಕಾರದ ಸಿಂಕ್ ಬಹಳ ಸೊಗಸಾಗಿದೆ ಅಂತಲ್ಲ. ಯಡ್ತರೆಯನ್ನೇ ತಗೊಳ್ಳಿ. 1997ರ ತನಕ ದಕ್ಷಿಣ ಕನ್ನಡ ಜಿಲ್ಲೆ, ಆಮೇಲೆ ಉಡುಪಿ. 2018ರ ತನಕ ಕುಂದಾಪುರ ತಾಲೂಕು, ಆಮೇಲೆ ಬೈಂದೂರು. ಗ್ರಾಮ ಪಂಚಾಯತ್ ಹೋಗಿ ಪಟ್ಟಣ ಪಂಚಾಯತ್ ಬಂತು. ಊರು ಕೂತಲ್ಲೇ ಕೂತಿದೆ, ವಿಳಾಸ ಮಾತ್ರ ಮನೆ ಬದಲಿಸುತ್ತಾ ಬಂದಿದೆ. ಒಬ್ಬನೇ ಮನುಷ್ಯ ಹಳೇ ಆಧಾರಿನಲ್ಲಿ ಕುಂದಾಪುರದವ, ಹೊಸ ರೇಷನ್ ಕಾರ್ಡಿನಲ್ಲಿ ಬೈಂದೂರಿನವ, ಅಪ್ಪನ ಕಾಲದ ಕ್ರಯಪತ್ರದಲ್ಲಿ ದಕ್ಷಿಣ ಕನ್ನಡದವ. ಮೂರು ದಾಖಲೆಯನ್ನೂ ಒಟ್ಟಿಗೆ ಇಟ್ಟರೆ ಗುಮಾಸ್ತರು ತಲೆಯೆತ್ತಿ ಕೇಳುತ್ತಾರೆ, "ಇದ್ರಲ್ ನೀವ್ ಯಾರ್?" ಅಂಚೆಯವರು ಮಾತ್ರ ಇದರ ಗೋಜಿಗೆ ಹೋಗದೆ 576214 ನೋಡಿ ಕಾಗದ ತಲುಪಿಸುತ್ತಾರೆ.

ಆ ಗುಮಾಸ್ತರ ಪ್ರಶ್ನೆಯನ್ನೇ ಈಗ ಗೂಗಲ್ ಕೇಳುತ್ತದೆ. ದೊಡ್ಡ ಮಗ ಬೆಂಗಳೂರಿನಲ್ಲಿ ಹೊಸ ಫೋನ್ ಕೊಂಡು ಲಾಗಿನ್ ಆಗಲು ಹೊರಟ. ತಕ್ಷಣ ಯಡ್ತರೆಯ ಜಗಲಿಯಲ್ಲಿ ಯಜಮಾನರ ಫೋನ್ ಗುರ್ರೆಂದು ಕೇಳಿತು: ಸೈನ್ ಇನ್ ಆಗುತ್ತಿರುವುದು ನೀವೇನಾ? ಹೌದು ಅಂತೊಂದು ಗುಂಡಿ, ಅಲ್ಲ ಅಂತೊಂದು ಗುಂಡಿ. ಯಜಮಾನರು ಧರ್ಮಭೀರುಗಳು, ಜೀವಮಾನದಲ್ಲಿ ಒಂದು ಸುಳ್ಳು ಸಾಕ್ಷಿ ಹೇಳಿದವರಲ್ಲ. ಯೋಚಿಸಿ 'ಅಲ್ಲ' ಒತ್ತಿದರು. ಮಗ ಫೋನ್ ಮಾಡಿ ಕೂಗಾಡಿದಾಗ ಅವರು ಕೊಟ್ಟ ಉತ್ತರಕ್ಕೆ ಯಾವ ಸುಪ್ರೀಂ ಕೋರ್ಟಿನಲ್ಲೂ ತಕರಾರು ತೆಗೆಯಲಾಗದು: "ನಾ ಇಲ್ಲ್ ಕೂಕಂಡಿದ್ದೆ ಮಾರಾಯ. ಅದ್ ನಾನ್ ಹ್ಯಾಂಗ್ ಆತೆ?" ಎರಡನೇ ಸಲ ಕೇಳಿದಾಗಲೂ ಅವರು ಸತ್ಯವನ್ನೇ ಹೇಳಿದರು. ಪಾಸ್‌ವರ್ಡ್ ಬದಲಿಸಿ ಅಂತ ಗೂಗಲ್ ಪಟ್ಟು ಹಿಡಿಯಿತು. ಬದಲಿಸಲು ಬೇಕಾದ ಕೋಡು ಯಾವುದೋ ನಂಬರಿಗೆ ಹೋಯಿತು, ಕೊನೆಯೆರಡು ಅಂಕಿ ಮಾತ್ರ ಕಾಣುತ್ತಿತ್ತು. ಅದು ಕತಾರಿಗೆ ಹೋದ ಹುಡುಗನ ಹಳೇ ಸಿಮ್ಮು.

ಬೇಡದ್ದೆಲ್ಲ ಸಿಂಕ್ ಆಗುವುದರಲ್ಲಿ ಮಾತ್ರ ಯಾವ ತೊಡಕೂ ಇಲ್ಲ. ಐಡಿ ಒಂದೇ ಆದ್ದರಿಂದ ಯೂಟ್ಯೂಬಿನ ಚರಿತ್ರೆಯೂ ಒಂದೇ. ಹಾಸ್ಟೆಲಿನಲ್ಲಿ ಕಿರಿಯವ ನಡುರಾತ್ರಿ ಏನು ಕಂಡನೆಂಬುದು ಬೆಳಿಗ್ಗೆ ಜಗಲಿಯ ಟಿವಿಯಲ್ಲಿ, ಯಜಮಾನರ ಯಕ್ಷಗಾನದ ಪಕ್ಕದಲ್ಲೇ, ಚಿತ್ರ ಸಮೇತ ಬಂದು ಕೂರುತ್ತದೆ. ಬೆಂಗಳೂರಿನ ಮಗನ ಲೇವಾದೇವಿಯವರ ನಂಬರೆಲ್ಲ ಯಜಮಾನರ ಕಾಂಟ್ಯಾಕ್ಟಿನಲ್ಲಿ ಹಾಜರು. ಇಂಥವು ಒಂದು ಸೆಕೆಂಡೂ ತಡವಾಗುವುದಿಲ್ಲ. ಬರಬೇಕಾದ ಮೇಲ್ ಬಾರದ ದಿನ ನೋಡಿದರೆ ಬ್ಯಾಟರಿ ಸೇವರ್ ಆನ್ ಆಗಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಅನಾಹುತ ಬರುವುದು ಭಕ್ತಿ ಮತ್ತು ಪ್ರೀತಿಯ ದಾರಿಯಲ್ಲಿ. 2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಜಿಬಿ ಜಾಗ ಪುಕ್ಕಟೆ ಕೊಡುತ್ತೇವೆ ಅಂದಾಗ ಜನ ಏಪ್ರಿಲ್ ಫೂಲ್ ಅಂದುಕೊಂಡಿದ್ದರು, ಅಷ್ಟು ಜಾಗ ಯಾರಿಗೆ ಬೇಕು ಅಂತ. ಈಗ ಪುಕ್ಕಟೆ ಸಿಗುವುದು 15 ಜಿಬಿ. ಅದರಲ್ಲಿ ಮೇಲು, ಡ್ರೈವು, ಫೋಟೋ ಮೂರೂ ಸಂಸಾರ ಮಾಡಬೇಕು. ಸಾಲದ್ದಕ್ಕೆ ಆಂಡ್ರಾಯ್ಡ್ ಫೋನುಗಳ ವಾಟ್ಸ್‌ಆ್ಯಪ್ ಬ್ಯಾಕಪ್ಪಿಗೆ ಇದ್ದ ರಿಯಾಯಿತಿಯೂ 2024ರಲ್ಲಿ ಮುಗಿದು, ಅದೂ ಇದೇ ಲೆಕ್ಕಕ್ಕೆ ಬಿತ್ತು. ಅಂದರೆ ಮುಂಬೈಯ ಚಿಕ್ಕಪ್ಪ ದಿನಾ ಬೆಳಿಗ್ಗೆ ಕಳಿಸುವ ಗುಲಾಬಿ ಹೂವಿನ ಶುಭೋದಯ, ಏಕಾದಶಿಯ ವಿಶೇಷ ಶುಭೋದಯ, ಮೇಳದ ಆಟದಿಂದ ಯಾರೋ ಹಿಂದಿನ ಸಾಲಿನಲ್ಲಿ ಕೂತು ತೆಗೆದ, ಚಂಡೆ ಬಿಟ್ಟು ಬೇರೇನೂ ಕೇಳದ ಉದ್ದುದ್ದ ವಿಡಿಯೊ, ಗೃಹಪ್ರವೇಶದ ಕರೆಯೋಲೆ ಆರು ಗುಂಪಿನಿಂದ ಆರು ಸಲ, ಇವೆಲ್ಲ ಬ್ಯಾಕಪ್ ಆಗಿ 15 ಜಿಬಿಯ ಕಂಠದ ತನಕ ತುಂಬುತ್ತವೆ. ತುಂಬಿದ ಮೇಲೆ ಜಿಮೇಲ್ ಹೊಸ ಮೇಲ್ ಒಳಗೆ ಬಿಡುವುದಿಲ್ಲ, ಕಳಿಸಿದವರಿಗೇ ವಾಪಸ್ಸು ಅಟ್ಟುತ್ತದೆ. ಬ್ಯಾಂಕಿನ ಮೇಲ್ ಬಾಗಿಲಿಗೆ ಬಂದು, ಒಳಗೆ ಗುಲಾಬಿ ಹೂವು ತುಂಬಿದೆ ಅಂತ ಕೇಳಿ ಹಿಂದಿರುಗಿತು ಅಂದರೆ ನಂಬುವವರು ಯಾರು? ಬ್ಯಾಂಕಿನವರಂತೂ ನಂಬುವುದಿಲ್ಲ.

ಜಾಗ ಖಾಲಿ ಮಾಡುವ ಕೆಲಸ ಯಜಮಾನರೇ ವಹಿಸಿಕೊಂಡರೆ ಅದು ಬೇರೆಯೇ ಪ್ರಸಂಗ. ಕೊಲ್ಲೂರಿಗೆ ಹೋಗುವ ಬಸ್ಸಿನಲ್ಲಿ ಕೂತವರು, ಹೊತ್ತು ಹೋಗುವುದಕ್ಕೆಂದು ಅಳಿಸಲು ಶುರುಮಾಡಿದರು. ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಇಲ್ಲ, ಹಾಗಾಗಿ ಆ ಹೊತ್ತಿಗೆ ಯಾರಿಗೂ ಏನೂ ಆಗಲಿಲ್ಲ. ಅಳಿಸಿದ್ದೆಲ್ಲ ಫೋನಿನೊಳಗೆ ಸರದಿ ನಿಂತಿತ್ತು. ವಾಪಸ್ಸು ಯಡ್ತರೆ ಜಂಕ್ಷನ್ನಿನಲ್ಲಿ ಇಳಿದು ಸಿಗ್ನಲ್ ಸಿಕ್ಕಿದ್ದೇ ತಡ, ದುಬೈಯ ಮಗಳ ವೀಸಾ ಕಾಗದ, ಕಿರಿಯವನ ಹಾಲ್ ಟಿಕೆಟು, ಹೋಟೆಲಿನ ಜಿಎಸ್‌ಟಿ ಲೆಕ್ಕ ಎಲ್ಲವೂ ಎಲ್ಲ ಪರದೆಯಿಂದಲೂ ಎದ್ದು ಹೋದವು. "ನಾ ನನ್ ಫೋನಿಂದ್ ಮಾತ್ರ ತೆಗ್ದದ್ದ್" ಅಂತ ಯಜಮಾನರು ಇವತ್ತಿಗೂ ಹೇಳುತ್ತಾರೆ. ಅವರ ಮಟ್ಟಿಗೆ ಅದು ನಿಜವೇ. ಫೋನು ಅವರದು, ದುಡ್ಡು ಕೊಟ್ಟು ಕೊಂಡದ್ದು. ಅದರೊಳಗಿನ ಮೇಲ್ ಅಲ್ಲಿಲ್ಲ, ಎಲ್ಲೋ ದೂರದ ಸರ್ವರಿನಲ್ಲಿದೆ ಅನ್ನುವುದನ್ನು ಅಂಗಡಿಯ ಹುಡುಗನೂ ಹೇಳಲಿಲ್ಲ, ಸಾವಿರ ರೂಪಾಯಿ ಸ್ಕ್ರೀನ್ ಗಾರ್ಡ್ ಮಾರಿದವನೂ ಹೇಳಲಿಲ್ಲ.

ಪರಿಹಾರ ಇಲ್ಲವೇ ಅಂದರೆ, ಇದೆ. ಪುಕ್ಕಟೆಯಾಗಿಯೇ ಇದೆ, ಅದಕ್ಕೇ ಯಾರೂ ಮಾಡುವುದಿಲ್ಲ. ಮನೆಯಲ್ಲಿ ಎಷ್ಟು ಜನ ದೊಡ್ಡವರೋ ಅಷ್ಟು ಐಡಿ. ಎಲ್ಲರಿಗೂ ಬೇಕಾದ ಮೇಲಿಗೆ ಫಾರ್ವರ್ಡ್ ಅನ್ನುವ ವ್ಯವಸ್ಥೆ ಇದೆ. ಹಾಗೆ ಹೋದ ಪ್ರತಿ ಅವರವರ ಡಬ್ಬಿಯಲ್ಲಿ, ಅವರವರು ತೆರೆಯುವ ತನಕ ದಪ್ಪಕ್ಷರದಲ್ಲೇ ನಿಂತಿರುತ್ತದೆ. ಖಾತೆಯ ಭದ್ರತೆ ಅನ್ನುವ ಪುಟದಲ್ಲಿ 'ನಿಮ್ಮ ಸಾಧನಗಳು' ಅಂತ ಒಂದು ಪಟ್ಟಿ ಇರುತ್ತದೆ, ಅದನ್ನೊಮ್ಮೆ ತೆರೆಯಿರಿ. ಮಾರಿಬಿಟ್ಟ ಫೋನು, ಮದುವೆಯಾಗಿ ಹೋದ ಅಕ್ಕನ ಟ್ಯಾಬು, ಸೇವಾ ಕೇಂದ್ರದ ಕಂಪ್ಯೂಟರು ಎಲ್ಲ ಅಲ್ಲಿ ಸಿಗುತ್ತವೆ. ಒಂದೊಂದನ್ನೇ ಸೈನ್ ಔಟ್ ಮಾಡಿ. ಮುಂದಿನ ಅರ್ಜಿಯಲ್ಲಿ ಇಮೇಲ್ ಖಾನೆ ಬಂದಾಗ ಅಣ್ಣನ ಮಗನದ್ದು ಬರೆಯಬೇಡಿ, ಪಾಸ್‌ವರ್ಡ್ ನಿಮಗೇ ಗೊತ್ತಿರುವ ನಿಮ್ಮದೇ ಐಡಿ ಬರೆಯಿರಿ. ಅಷ್ಟೆಲ್ಲ ಪುರಸೊತ್ತಿಲ್ಲ ಅಂದರೆ, ಇವತ್ತು ರಾತ್ರಿ ಊಟ ಆದಮೇಲೆ ಸ್ಪ್ಯಾಮ್ ಮತ್ತು ಟ್ರ್ಯಾಶ್ ಎರಡನ್ನಾದರೂ ತೆರೆದು ನೋಡಿ. ಜಿಮೇಲಿನಲ್ಲಿ ಅಲ್ಲಿಗೆ ಬಿದ್ದದ್ದು 30 ದಿನ ಮಾತ್ರ ಇರುತ್ತದೆ.