ಹೊಸ್ತಿಲ ಠಾಣೆ

ಕೊಣ್ಣೂರಿನ ಬಸ್‌ ಸ್ಟ್ಯಾಂಡಿನಲ್ಲಿ ಇಳಿದು ‘ಹವಾಲ್ದಾರ ಕಾಕಾರ ಮನಿ ಎಲ್ಲೈತ್ರಿ?’ ಎಂದು ಕೇಳಿದರೆ, ದಾರಿ ತೋರಿಸುವ ಬದಲು ‘ಯಾವ ಹವಾಲ್ದಾರ?’ ಎಂದು ತಿರುಗಿ ಕೇಳುತ್ತಾರೆ. ತಪ್ಪು ಅವರದಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಊರಿಗೆ ಒಬ್ಬರಾದರೂ ಇಂಥವರು ಸಿಗುತ್ತಾರೆ. ಖಾಕಿ ಕಳಚಿ ಹತ್ತಾರು ವರ್ಷವಾದರೂ ಧೋತರದ ಮೇಲೆ ಬೆಲ್ಟು ಬಿಗಿಯುವವರು, ಮದುವೆ ಮಂಟಪದಲ್ಲೂ ಗೋಡೆಗೆ ಬೆನ್ನು ಕೊಟ್ಟು ಬಾಗಿಲಿಗೆ ಕಣ್ಣಿಟ್ಟು ಕೂರುವವರು. ತಾವು ನಿವೃತ್ತರಾದರೂ ಮೀಸೆಯನ್ನು ನಿವೃತ್ತಿಗೊಳಿಸದವರು. ಅವರಲ್ಲೇ ಒಬ್ಬರು ಕಳೆದ ಮಳೆಗಾಲದಲ್ಲಿ ತೀರಿಕೊಂಡ ಈ ಕಾಕಾ.

ಸರ್ಕಾರದ ಮೇಲೆ ಅವರಿಗೆ ಒಂದೇ ಒಂದು ತಕರಾರಿತ್ತು. 2008ರಲ್ಲಿ ರಾಜ್ಯ ಸರ್ಕಾರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಕಾಕಾ ಅದೇ ವರ್ಷ, ಆದೇಶ ಬರುವುದಕ್ಕೆ ಕೆಲವೇ ತಿಂಗಳು ಮೊದಲು, ಹಾರ ಶಾಲು ಹಾಕಿಸಿಕೊಂಡು ಮನೆಗೆ ಬಂದಿದ್ದರು. ‘ಎರಡ ವರ್ಷದ ಡ್ಯೂಟಿ ಬಾಕಿ ಉಳೀತು’ ಎಂದು ಕೈ ಕೈ ಹಿಸುಕಿಕೊಂಡರು. ಆ ಬಾಕಿಯನ್ನು ಮನೆಯಲ್ಲೇ ಮುಗಿಸುತ್ತೇನೆಂದು ಹೊಸ್ತಿಲ ಪಕ್ಕದ ಕಟ್ಟೆಯ ಮೇಲೆ ಕೂತವರು ಹದಿನೇಳು ವರ್ಷ ಏಳಲಿಲ್ಲ.

ರಾತ್ರಿ ಒಂಬತ್ತೂವರೆಗೆ ಹಾಜರಿ. ಹೆಸರು ಕೂಗುತ್ತಿರಲಿಲ್ಲ, ಬಾಗಿಲ ಬಳಿಯ ಚಪ್ಪಲಿ ಎಣಿಸುತ್ತಿದ್ದರು. ಮನೆಯಲ್ಲಿ ಒಂಬತ್ತು ಮಂದಿ, ಒಂಬತ್ತು ಜೋಡಿ. ಸಾಲಿನ ತುದಿಗೆ ಅವರದೇ ಬೂಟು, ಎರಡರ ಮೂತಿಯೂ ಬೀದಿಯ ಕಡೆ, ಕರೆ ಬಂದರೆ ತಿರುಗಿಸುವಷ್ಟೂ ಹೊತ್ತು ಹೋಗಬಾರದೆಂದು. ಒಂದು ಜೋಡಿ ಕಡಿಮೆ ಬಿದ್ದರೆ ಲಾಠಿಯಂಥ ಬಿದಿರು ಕೋಲು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯಲ್ಲೇ ಕೂಡುವರು. ಹಿರಿಯ ಮಗನಿಗೆ ಗೋಕಾಕ ಮಿಲ್ಲಿನಲ್ಲಿ ಪಾಳಿಯ ಕೆಲಸ. ಮಿಲ್ಲಿನ ಭೋಂಗಾ ಕೂಗಿದ ಕ್ಷಣದಿಂದ ಇವರ ಗಡಿಯಾರ ಶುರು. ಸೈಕಲ್ಲಿಗೆ ಇಷ್ಟು ನಿಮಿಷ, ಚಾದಂಗಡಿಗೆ ಇಷ್ಟು ನಿಮಿಷ, ಇನ್ನೂ ಹತ್ತು ನಿಮಿಷ ಹೆಚ್ಚಾದರೆ ‘ಎಲ್ಲಿದ್ದಿ? ಯಾರ ಜೋಡಿ ಇದ್ದಿ? ಸಾಕ್ಷಿ ಯಾರು?’ ನಲವತ್ತು ದಾಟಿದ ಮಗ ಬೀದಿಯಲ್ಲಿ ನಿಂತು ಜಬಾಬು ಕೊಡುವುದನ್ನು ನೋಡಲು ಆಚೆ ಮನೆಯವರು ಟಿ.ವಿ. ಸದ್ದು ಸಣ್ಣ ಮಾಡುತ್ತಿದ್ದರು.

‘ಈಗ ಎಣಸ್ತಾರ. ಆಗ ತಾವ ಲೆಕ್ಕದಾಗ ಇರ್ತಿದ್ದಿಲ್ಲ’ ಎಂಬುದು ಅವರ ಹೆಂಡತಿ, ಕಾಕುವಿನ ಒಂದೇ ಸಾಲಿನ ಟೀಕೆ.

ಅದೂ ನಿಜವೇ. ಪೊಲೀಸರ ಮನೆಯಲ್ಲಿ ಹಬ್ಬವೆಂದರೆ ಊರವರ ಹಬ್ಬ, ಗಂಡನಿಗೆ ಬಂದೋಬಸ್ತ. ಈ ಮನೆಯಲ್ಲಿ ಮಕ್ಕಳ ಹುಟ್ಟನ್ನೂ ಬಂದೋಬಸ್ತಿನಿಂದಲೇ ಅಳೆಯುತ್ತಿದ್ದರು. ಹಿರಿಯ ಮಗ ಗೋಕಾಕ ಚಳವಳಿಯ ವರ್ಷದವನು, ಅಂದರೆ 1982. (ಆ ಚಳವಳಿ ನಡೆದದ್ದು ಗೋಕಾಕದಲ್ಲೇ ಎಂದು ತಿಳಿದವರು ಈಗಲೂ ಇದ್ದಾರೆ. ಅದಕ್ಕೆ ಹೆಸರು ಕೊಟ್ಟ ವರದಿಯ ವಿ.ಕೃ. ಗೋಕಾಕರು ಸವಣೂರಿನವರು.) ಮಗಳು ಹುಟ್ಟಿದಾಗ ಕಾಕಾ ಬೆಳಗಾವಿಯ ಗಡಿ ಗಲಾಟೆಯಲ್ಲಿದ್ದರು, 1986ರ ಜೂನ್. ಕಿರಿಯವನು 1992ರ ಡಿಸೆಂಬರಿನವನು, ಅಯೋಧ್ಯೆಯ ಸುದ್ದಿಗೆ ಊರೂರಲ್ಲಿ ಪಹರೆ ಬಿದ್ದಿದ್ದ ಹೊತ್ತು. ಮೂರು ಸಲವೂ ತೊಟ್ಟಿಲಿಗೆ ಹಾಕಿದ ಮೇಲೆಯೇ ಮಗುವಿನ ಮುಖ ನೋಡಿದ್ದು. ಶಾಲೆಗೆ ಹಚ್ಚುವಾಗ ಮಾಸ್ತರು ಜನ್ಮದಿನ ಕೇಳಿದರೆ, ‘ಬಂದೋಬಸ್ತಿನ ಮೂರನೇ ದಿನ ರೀ’ ಎಂದು ಬರೆಸಲು ಹೋದರಂತೆ. ಮಾಸ್ತರು ಎಲ್ಲರಿಗೂ ಬರೆಯುವ ಜೂನ್ ಒಂದನ್ನೇ ಬರೆದು ಕೈ ತೊಳೆದುಕೊಂಡರು.

ಮನೆಯ ಠಾಣೆಯಲ್ಲಿ ದಾಖಲಾದ ಪ್ರಕರಣಗಳಲ್ಲಿ ಕರದಂಟಿನದು ದೊಡ್ಡದು. ಗೋಕಾಕದಿಂದ ತಂದ ಒಂದು ಕಿಲೋ ಡಬ್ಬಿ, ಬೀಗರ ಮನೆಗೆ ಒಯ್ಯಬೇಕಾದದ್ದು. ಬೆಳಿಗ್ಗೆ ನೋಡಿದರೆ ಐದು ತುಂಡು ಮಾಯ. ಕಾಕಾ ಸ್ಥಳಕ್ಕೆ ಧಾವಿಸಿದರು, ಅಂದರೆ ಪಡಸಾಲೆಯಿಂದ ಅಡುಗೆಮನೆಗೆ. ಯಾರೂ ಡಬ್ಬಿ ಮುಟ್ಟಕೂಡದೆಂದು ಹುಕುಂ ಆಯಿತು. ಹಾಲು ಹಾಕಲು ಬಂದವನನ್ನೂ ಆಚೆ ಮನೆಯ ನಿವೃತ್ತ ಮಾಸ್ತರನ್ನೂ ಪಂಚರನ್ನಾಗಿ ಕೂರಿಸಿ ಪಂಚನಾಮೆ ಬರೆದರು. ‘ಡಬ್ಬಿಯ ಬಲಮೂಲೆಯಲ್ಲಿ ಉತ್ತತ್ತಿಯ ಚೂರು ಎರಡು, ಕೊಬ್ಬರಿಯ ಎಳೆ ಒಂದು, ಅಂಟಿನ ಕಾಳು ಮೂರು. ನೆಲದಿಂದ ಎತ್ತರ ನಾಲ್ಕು ಅಡಿ. ಸ್ಟೂಲು ಸರಿಸಿದ ಗುರುತು ಉಂಟು.’ ಹಾಲಿನವ ಸಹಿ ಹಾಕಿ, ಮೂರು ಮನೆಗೆ ಹಾಲು ತಡವಾಗಿ ಬೈಸಿಕೊಂಡ.

ನಾಲ್ಕು ದಿನ ವಿಚಾರಣೆ ನಡೆಯಿತು. ಮೊಮ್ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, ಇನ್ನೊಂದು ವರ್ಷ ಗಲಾಟೆ ಮಾಡುವುದಿಲ್ಲವೆಂದು 107ರ ಮುಚ್ಚಳಿಕೆ ಬರೆಸಿಕೊಂಡರು. ಐದನೇ ದಿನ ಕಡತಕ್ಕೆ ದಾರ ಕಟ್ಟಿ ಘೋಷಿಸಿದರು: ‘ಸಿ ರಿಪೋರ್ಟ್. ಆರೋಪಿ ಪತ್ತಿ ಆಗಿಲ್ಲ.’ ಪೊಲೀಸ್ ಭಾಷೆಯಲ್ಲಿ ಬಿ ರಿಪೋರ್ಟ್ ಎಂದರೆ ಕೇಸೇ ಸುಳ್ಳು, ಸಿ ರಿಪೋರ್ಟ್ ಎಂದರೆ ಕೇಸು ಖರೆ, ಕಳ್ಳ ಸಿಕ್ಕಿಲ್ಲ. ಹಿರಿ ಸೊಸೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಕೇಳಿದಳು:

‘ಮಾವಾರ, ಸಾಕ್ಷಿ ನಾಶ ಮಾಡಿದ್ರ ಯಾವ ಸೆಕ್ಷನ್ ಬೀಳ್ತೈತ್ರಿ?’

‘ಇನ್ನೂರಾ ಒಂದು. ಯಾಕ?’

‘ಏನಿಲ್ರಿ. ಅವತ್ತ ನಸುಕಿನ್ಯಾಗ ನೀವು ನಳದ ಹಂತ್ಯಾಕ ಕುಂತು ಸಣ್ಣಕಿ ಫ್ರಾಕಿನ ಮ್ಯಾಲಿನ ಬೆಲ್ಲ ತೊಳಿಯೂದು ನೋಡಿದ್ನಿ.’

ಕಾಕಾ ಕೆಮ್ಮಿ ಎದ್ದು ಬೀಟಿಗೆ ಹೋದರು.

ಬೀಟು ಎಂದರೆ ಮಳೆಗಾಲದ ಭಾನುವಾರಗಳಲ್ಲಿ ಗೋಕಾಕ ಫಾಲ್ಸ್. ಘಟಪ್ರಭೆ ಅಲ್ಲಿ 52 ಮೀಟರ್ ಕೆಳಕ್ಕೆ ಬೀಳುತ್ತದೆ. ಅದನ್ನು ನೋಡಲು ಬಂದವರಲ್ಲಿ ಅರ್ಧದಷ್ಟು ಮಂದಿ ಬೆನ್ನು ಅದಕ್ಕೆ, ಮುಖ ಮೊಬೈಲಿಗೆ. ಯಾರೂ ಹೇಳದಿದ್ದರೂ, ಸಂಬಳವಿಲ್ಲದಿದ್ದರೂ ಕಾಕಾ ಸೀಟಿ ಊದುತ್ತ ಬಂಡೆಯ ಅಂಚಿನ ಹುಡುಗರನ್ನು ಇಳಿಸುವರು. ‘ಮಾರಿ ತಗಸ್ಕೊಳ್ಳಾಕ ಇಲ್ಲಿ ತನಕ ಯಾಕ ಬಂದ್ಯೋ? ಮನ್ಯಾಗ ಕನ್ನಡಿ ಇಲ್ಲೇನ?’ ಶಿಕ್ಷೆ ಒಂದೇ, ಅಲ್ಲೇ ನಿಂತು ಅವ್ವನಿಗೆ ಫೋನು ಹಚ್ಚಬೇಕು. ಅವ್ವ ‘ಉಂಡೇನೋ?’ ಎಂದು ಕೇಳುವವರೆಗೆ ಬಿಡುಗಡೆಯಿಲ್ಲ.

2019ರ ಆಗಸ್ಟ್‌ ನೆರೆಯಲ್ಲಿ ಲೋಳಸೂರ ಸೇತುವೆ ಮುಳುಗಿ, ಗೋಕಾಕದ ಓಣಿಗಳಿಗೆ ನೀರು ನುಗ್ಗಿದಾಗ ಸಂಬಂಧಿಕರು ಕೈಗೆ ಸಿಕ್ಕ ಗಂಟು ಹಿಡಿದು ಈ ಮನೆಗೆ ಬಂದರು. ಕಾಕಾ ಬಾಗಿಲಲ್ಲೇ ನೋಟ್‌ಬುಕ್ಕು ತೆರೆದರು. ಹೆಸರು, ವಯಸ್ಸು, ಉದ್ಯೋಗ, ಸಂಗಡ ತಂದ ಸಾಮಾನು. ಒದ್ದೆ ಸೀರೆಯಲ್ಲಿ ನಡುಗುತ್ತ ನಿಂತ ಸ್ವಂತ ತಂಗಿಯನ್ನೂ ಬಿಡಲಿಲ್ಲ.

‘ತಂದಿ ಹೆಸರು?’

‘ಅಣ್ಣಾ, ನಿಮ್ಮಪ್ಪಂದ ಬರಕೋ!’

ಬರೆದುಕೊಂಡರು. ಆಮೇಲೆ ತಮ್ಮ ಹಾಸಿಗೆಯನ್ನು ಅವಳಿಗೆ ಬಿಟ್ಟುಕೊಟ್ಟು, ನೀರು ಇಳಿಯುವವರೆಗೂ ತಾವು ಕಟ್ಟೆಯ ಮೇಲೆ ಗೋಣಿಚೀಲ ಹೊದ್ದು ಮಲಗಿದರು. ಆ ವಾರ ಚಪ್ಪಲಿಯ ಲೆಕ್ಕ ಇಪ್ಪತ್ಮೂರಕ್ಕೆ ಏರಿತ್ತು. ಕಾಕಾರ ಮುಖದಲ್ಲಿ ಅಂಥ ಗೆಲುವನ್ನು ಯಾರೂ ಹಿಂದೆ ಕಂಡಿರಲಿಲ್ಲ.

ಅವರನ್ನು ನಿಜವಾಗಿ ಕುಗ್ಗಿಸಿದ್ದು 2024ರ ಜುಲೈ 1. ಅಂದು 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಮಗ್ಗಿಯಂತೆ ಬಾಯಿಗೆ ಬರುತ್ತಿದ್ದ ನಂಬರುಗಳೆಲ್ಲ ಒಂದೇ ರಾತ್ರಿಯಲ್ಲಿ ಬೇರೆಯಾದವು. ಕೊಲೆಯ 302 ಹೋಗಿ 103 ಆಯಿತು. ಕಳವಿನ 379 ಈಗ 303. ಓಣಿ ಜಗಳಕ್ಕೆ ಜೋಡೆತ್ತಿನಂತೆ ಬೀಳುತ್ತಿದ್ದ 504, 506ಕ್ಕೂ ಬೇರೆ ಅಂಕಿ. ಎಲ್ಲಕ್ಕಿಂತ ನೋವು ಕೊಟ್ಟಿದ್ದು 420. ಹೊಸ ಸಂಹಿತೆಯಲ್ಲಿ ಇರುವುದೇ 358 ಕಲಂ, ಹಾಗಾಗಿ ಆ ನಂಬರಿಗೆ ಜಾಗವೇ ಇಲ್ಲ. ಮೋಸ ಈಗ 318. ‘ಚಾರ್‌ಸೋಬೀಸ ಅಂತ ಬೈದ್ರ ಒಂದ ತೂಕ ಇತ್ತು. ಮುನ್ನೂರಾ ಹದಿನೆಂಟ ಅಂದ್ರ ಬೈದಂಗ ಆಗ್ತೈತೇನು? ಬಸ್ಸಿನ ನಂಬರ ಹೇಳಿದಂಗ ಆಗ್ತೈತಿ.’ ಕಾನೂನು ಓದುತ್ತಿದ್ದ ಮೊಮ್ಮಗ ಹಳೆಯದು ಒಂದು ಕಡೆ, ಹೊಸದು ಒಂದು ಕಡೆ ಬರೆದು ಪಟ್ಟಿ ಮಾಡಿಕೊಟ್ಟ. ಎಪ್ಪತ್ನಾಲ್ಕರ ಮುದುಕ ಬೆಳಗಿನ ಜಾವ ಕಟ್ಟೆಯ ಮೇಲೆ ಕೂತು ಬಾಯಿಪಾಠ ಮಾಡತೊಡಗಿದರು. ಪರೀಕ್ಷೆ ತೆಗೆದುಕೊಳ್ಳುವವಳು ಫ್ರಾಕಿನ ಆ ಹಳೆಯ ಆರೋಪಿ.

ಏಪ್ರಿಲ್ 2ರ ಪೊಲೀಸ್ ಧ್ವಜ ದಿನಕ್ಕೆ, ಅಂದರೆ 1963ರ ಪೊಲೀಸ್ ಕಾಯ್ದೆ 1965ರಲ್ಲಿ ಜಾರಿಗೆ ಬಂದ ದಿನಕ್ಕೆ, ನಿವೃತ್ತರನ್ನು ಮುಖ್ಯ ಅತಿಥಿಯಾಗಿ ಕರೆದು ಗೌರವ ಸಲ್ಲಿಸುವ ಒಳ್ಳೆಯ ರೂಢಿಯುಂಟು. ಕಾಕಾರಿಗೆ ಆ ಕರೆ ಬರಲಿಲ್ಲ. ಆದರೂ ಪ್ರತಿ ಮಾರ್ಚ್ ಕೊನೆಗೆ ಬಿಳಿ ಅಂಗಿ ಇಸ್ತ್ರಿಯಾಗಿ ಮೊಳೆಗೆ ನೇತು ಬೀಳುತ್ತಿತ್ತು. ನವೆಂಬರಿನಲ್ಲಿ ಪಿಂಚಣಿಗಾಗಿ ಬದುಕಿರುವ ಪ್ರಮಾಣಪತ್ರ ಕೊಡಲು ಹೋಗುವುದೂ ಅದೇ ಅಂಗಿಯಲ್ಲಿ. ಕೊಟ್ಟು ಸುಮ್ಮನೆ ಬರುವ ಜಾಯಮಾನವಲ್ಲ. ತಾವು ಬದುಕಿರುವುದಕ್ಕೆ ಪೋಚು ಬೇಕೆಂದು ಕೌಂಟರಿನಲ್ಲಿ ನಿಲ್ಲುತ್ತಿದ್ದರು.

2025ರ ಅಕ್ಟೋಬರಿನಲ್ಲಿ ಪೇದೆಗಳ ಸ್ಲೋಚ್ ಹ್ಯಾಟು ಹೋಗಿ ನೀಲಿ ಪೀಕ್ ಕ್ಯಾಪು ಬಂತು. ಒಂದು ಕಡೆ ಅಂಚು ಮಡಚಿದ ಆ ಹ್ಯಾಟಿಗೆ ಅವರು ಎಷ್ಟು ಬೈದಿದ್ದರೋ, ಹೋಯಿತೆಂದಿದ್ದರೆ ಅದರ ಎರಡು ಪಟ್ಟು ಬೈಯುತ್ತಿದ್ದರು. ಅಷ್ಟರೊಳಗೆ ಅವರು ಇರಲಿಲ್ಲ. ನಿದ್ದೆಯಲ್ಲೇ ಹೋದರು, ಹಾಜರಿ ಮುಗಿಸಿ.

ದಿನಕರ್ಮವೆಲ್ಲ ಮುಗಿದ ಮೇಲೆ ಕಿರಿ ಸೊಸೆ ಬಾಗಿಲು ಸಾರಿಸುವಾಗ ಬೂಟು ಎತ್ತಿ ಅಟ್ಟಕ್ಕೆ ಹಾಕಿದಳು. ಆ ರಾತ್ರಿ ಹನ್ನೊಂದಾದರೂ ಕಾಕು ಮಲಗಲಿಲ್ಲ. ದೀಪ ಹಚ್ಚಿ ಬಾಗಿಲಿಗೆ ಬಂದರು, ಬಗ್ಗಿ ಬೆರಳು ಮಡಚಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಎಂಟು.

‘ಯಾರು ಸರಿಸಿದ್ರು ಮುದ್ದೇಮಾಲು?’

ಮನೆಯವರೆಲ್ಲ ಎದ್ದು ಬಂದರು. ಮೊಮ್ಮಗ ಅಟ್ಟ ಹತ್ತಿ ಬೂಟು ಇಳಿಸಿ ತಂದು ಸಾಲಿನ ತುದಿಗೆ ಇಟ್ಟ. ಕಾಕು ನೋಡಿದರು. ‘ಹಂಗಲ್ಲೋ’ ಎಂದು ತಾವೇ ಕೂತು, ಎರಡರ ಮೂತಿಯನ್ನೂ ಬೀದಿಯ ಕಡೆ ತಿರುಗಿಸಿ, ಒಳಗೆ ಹೋಗಿ ಚಿಲಕ ಹಾಕಿದರು.