ಶುಕಮುನಿಯ ಸಹವಾಸ

ಮಂಡನಮಿಶ್ರರ ಮನೆ ಯಾವುದೆಂದು ಶಂಕರಾಚಾರ್ಯರು ವಿಚಾರಿಸಿದಾಗ, ನೀರಿಗೆ ಹೊರಟಿದ್ದ ಹೆಂಗಸರು ಹೇಳಿದ ಗುರುತು ಎಲ್ಲರಿಗೂ ಗೊತ್ತು. ಯಾವ ಮನೆಯ ಬಾಗಿಲಲ್ಲಿ ಪಂಜರದ ಗಿಳಿಗಳು ವೇದ ಸ್ವತಃಪ್ರಮಾಣವೋ ಪರತಃಪ್ರಮಾಣವೋ ಎಂದು ವಾದಕ್ಕಿಳಿದಿರುತ್ತವೋ ಅದೇ ಮನೆ! ನಮ್ಮ ಮನೆಗೂ ಒಂದು ಕಾಲದಲ್ಲಿ ಗಿಳಿಯೇ ಗುರುತಾಗಿತ್ತು. ‘ಒಲೆ ಹಚ್ಚದೆ ಎಲ್ಲಿ ಕುಕ್ಕರ್ ಕೂಗುತ್ತೋ ಅದೇ ಮನೆ ಕಣಪ್ಪ’ ಎಂದು ಬೀದಿಯವರು ಕೊರಿಯರ್ ಹುಡುಗನಿಗೆ ದಾರಿ ತೋರಿಸುತ್ತಿದ್ದರು.

ಗಿಳಿ ಗೂಡು ಕಟ್ಟುವ ಉಸಾಬರಿಗೆ ಹೋಗುವುದಿಲ್ಲ. ಮರಕುಟಿಗವೋ ಕುಟ್ರುಹಕ್ಕಿಯೋ ಕೊರೆದಿಟ್ಟ ಪೊಟರೆಗೆ ಅಡ್ವಾನ್ಸ್, ಬಾಡಿಗೆ ಯಾವುದೂ ಇಲ್ಲದೆ ಸೇರಿಕೊಳ್ಳುತ್ತದೆ. ಮೈಸೂರಿನ ಏಪ್ರಿಲ್ ಗಾಳಿಮಳೆಗೆ ನಮ್ಮ ಬೀದಿಯ ಹಳೇ ಮರದ ಕೊಂಬೆಯೊಂದು ಪೊಟರೆ ಸಮೇತ ಮುರಿದು ಬಿತ್ತು. ಒಳಗಿದ್ದ ಮರಿಯನ್ನು ಮಗಳು ಚಪ್ಪಲಿ ಡಬ್ಬದಲ್ಲಿಟ್ಟುಕೊಂಡು ಬಂದಳು. ಮೈಮೇಲೆ ಅಲ್ಲೊಂದು ಇಲ್ಲೊಂದು ಗರಿಯ ಮೊಳಕೆ, ಉಳಿದದ್ದೆಲ್ಲ ಕೊಕ್ಕು ಮತ್ತು ಹಸಿವು. ಅಮ್ಮ ಮಾತ್ರ ನೋಡಿದ ಕೂಡಲೇ ಕೈಮುಗಿದರು. ‘ಭಾಗವತ ಹೇಳಿದ ಶುಕಮುನಿ ಕಣೋ. ತಾನಾಗೇ ಬಂದಿದ್ದಾನೆ, ಕಳಿಸಬೇಡ.’ ನಾಮಕರಣವೂ ಆಗಿಹೋಯಿತು.

ಸಲಹೆಗಳಿಗೇನು ಕೊರತೆ? ಹಾಲು-ಅನ್ನ ಕಲಸಿ ಕೊಡಿ ಎಂದರು ಎದುರುಮನೆಯವರು. ಹಿಂದಿನ ಮನೆಯವರದು ಬಿಸ್ಕತ್ತಿನ ಪಕ್ಷ. ‘ಹಾಲು ಹಕ್ಕಿಗೆ ಅರಗಲ್ಲ. ಬಾಯಿಗೆ ಸುರೀಬೇಡಿ, ಶ್ವಾಸನಾಳಕ್ಕೆ ಹೋದ್ರೆ ಸತ್ತೇ ಹೋಗುತ್ತೆ’ ಎಂದು ಪಶುವೈದ್ಯರು ಹೇಳಿದ ಮೇಲೆ, ನೆನೆಸಿದ ಕಡಲೆ ರುಬ್ಬಿ, ಬೆಚ್ಚಗೆ ಮಾಡಿ, ಚಮಚದ ತುದಿಯಲ್ಲಿ ತಿನ್ನಿಸುವ ಕೆಲಸ ನನ್ನ ಪಾಲಿಗೆ ಬಂತು. ಆಫೀಸಿಗೆ ಫೋನ್ ಮಾಡಿ ‘ಮರಿ ನೋಡ್ಕೋಬೇಕು, ರಜೆ ಬೇಕು ಸಾರ್’ ಎಂದೆ. ಸಾಹೇಬರು ಕ್ಷಣಕಾಲ ಸುಮ್ಮನಿದ್ದು, ‘ಈ ವಯಸ್ಸಿನಲ್ಲಾ?’ ಎಂದರು.

ಗರಿ ಬಲಿತದ್ದೇ ತಡ, ಮುನಿಯ ತಪಸ್ಸು ಮುಗಿಯಿತು. ಗಿಳಿಯ ಮೇಲ್ಕೊಕ್ಕು ನಮ್ಮ ಮೇಲ್ದವಡೆಯ ಹಾಗೆ ತಲೆಬುರುಡೆಗೆ ಬಿಗಿದುಕೊಂಡಿರುವುದಿಲ್ಲ, ಅದೂ ಬೇರೆಯಾಗಿ ಅಲ್ಲಾಡುತ್ತದೆ. ಈ ಶರೀರಶಾಸ್ತ್ರವನ್ನು ನಾನು ಪುಸ್ತಕದಿಂದಲ್ಲ, ಬಲಗಿವಿಯ ಹಾಲೆಯಿಂದ ಕಲಿತೆ. ಟಿವಿ ರಿಮೋಟಿನ ಗುಂಡಿಗಳು, ಬ್ಯಾಂಕ್ ಪಾಸ್‌ಬುಕ್, ಮಾವನವರು ಕೊಟ್ಟ ವಾಚಿನ ಪಟ್ಟಿ ಎಲ್ಲವೂ ನೈವೇದ್ಯವಾದವು.

ಮೆಣಸಿನಕಾಯಿ ತಿನ್ನುವ ವೈಖರಿ ಮಾತ್ರ ನೋಡುವಂಥದ್ದು. ಗಿಳಿಯ ಕಾಲಿನಲ್ಲಿ ಎರಡು ಬೆರಳು ಮುಂದೆ, ಎರಡು ಹಿಂದೆ. ಒಂದು ಕಾಲಿನಲ್ಲಿ ನಿಂತು, ಇನ್ನೊಂದರಲ್ಲಿ ಕಾಯಿಯನ್ನು ತೊಟ್ಟು ಮೇಲಾಗಿ ಹಿಡಿದು, ಕೊಕ್ಕಿನಿಂದ ಉದ್ದಕ್ಕೆ ಸೀಳಿ, ಕಪ್ಪು ನಾಲಗೆಯಲ್ಲಿ ಬೀಜವನ್ನು ಒಂದೊಂದಾಗಿ ಎತ್ತಿಕೊಂಡು ಸಿಪ್ಪೆಯನ್ನು ನನ್ನ ಮೇಲೆ ಎಸೆಯುತ್ತಿತ್ತು. ಖಾರದ ಅಂಶ ಹಕ್ಕಿಗಳಿಗೆ ಉರಿಯುವುದಿಲ್ಲ. ಆ ಸಿಪ್ಪೆಯನ್ನೆಲ್ಲ ಬರಿಗೈಯಲ್ಲಿ ಗುಡಿಸಿ, ಆಮೇಲೆ ಕಣ್ಣುಜ್ಜಿಕೊಳ್ಳುವ ಗೃಹಸ್ಥನಿಗೆ ಉರಿಯುತ್ತದೆ. ನಾನು ನಲ್ಲಿಯ ಕೆಳಗೆ ತಲೆಯಿಟ್ಟು ಕಿರುಚುತ್ತಿದ್ದರೆ ಮುನಿ ತಲೆ ಓರೆಮಾಡಿಕೊಂಡು ಆ ಕಿರುಚಾಟವನ್ನೂ ಅಭ್ಯಾಸ ಮಾಡುತ್ತಿತ್ತು.

ಗಿಳಿಗೆ ಮಾತು ಕಲಿಸುವುದು ವಾತ್ಸ್ಯಾಯನ ಹೇಳಿದ ಅರವತ್ತನಾಲ್ಕು ಕಲೆಗಳಲ್ಲಿ ಒಂದು. ಅಮ್ಮ ದಿನಾ ಸಂಜೆ ದೀಪ ಹಚ್ಚಿ ಪಂಜರದ ಮುಂದೆ ‘ರಾಮ ರಾಮ’ ಎಂದು ಪಾಠ ಮಾಡುತ್ತಿದ್ದರು. ಮುನಿಯ ಬಾಯಿಂದ ಒಂದು ದಿನವೂ ರಾಮ ಹೊರಡಲಿಲ್ಲ. ಹೊರಟದ್ದು ನನ್ನ ಹೆಂಡತಿಯ ‘ರೀ…’. ಅದೇ ರಾಗ, ಅದೇ ಎಳೆತ, ಕೊನೆಯಲ್ಲಿ ಅದೇ ಎಚ್ಚರಿಕೆ. ಪೇಪರ್ ಬಿಸಾಡಿ ಅಡುಗೆಮನೆಗೆ ಓಡಿದರೆ, ‘ನಾನೆಲ್ಲಿ ಕರೆದೆ? ನಾನು ಕೂಗಿದ್ರೆ ಕಿವಿ ಕೇಳಲ್ಲ, ಗಿಣಿ ಕರೆದ್ರೆ ಎದ್ದುಬಿದ್ದು ಬರ್ತೀರಿ’ ಎಂಬ ಮಂಗಳಾರತಿ.

ಕುಕ್ಕರಿನ ಕಥೆ ಇನ್ನೂ ಘೋರ. ನಮ್ಮ ಮನೆಯಲ್ಲಿ ಮೂರು ಕೂಗಿಗೆ ಒಲೆ ಆರಿಸುವುದು ಅಮ್ಮನ ಡ್ಯೂಟಿ. ಬೀಗರು ಊಟಕ್ಕೆ ಬಂದ ದಿನ ಕುಕ್ಕರ್ ಒಂದು ಸಲ ಕೂಗಿತು. ಮಿಕ್ಕ ಎರಡನ್ನು ಮುನಿ ಪೂರೈಸಿತು. ಅಮ್ಮ ಲೆಕ್ಕ ಹಾಕಿ ಗ್ಯಾಸ್ ಆರಿಸಿಬಿಟ್ಟರು. ಬೀಗರ ಮುಂದೆ ಅಕ್ಷರಶಃ ನಮ್ಮ ಬೇಳೆ ಬೇಯಲಿಲ್ಲ.

2013ರಲ್ಲಿ ಸುಪ್ರೀಂ ಕೋರ್ಟು ಸಿಬಿಐಯನ್ನು ಪಂಜರದ ಗಿಳಿ ಎಂದಾಗ ದೇಶವೇ ತಲೆದೂಗಿತ್ತು. ಯಜಮಾನ ಹೇಳಿದ್ದನ್ನು ಒದರುವ ಹಕ್ಕಿ ಎಂದು ನ್ಯಾಯಮೂರ್ತಿಗಳ ಭಾವನೆ. ನಮ್ಮ ಪಂಜರದ ಗಿಳಿ ಹೇಳಿಕೊಟ್ಟದ್ದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಒದರಿತು. ಸಿಬಿಐ ನಿಜಕ್ಕೂ ಹೀಗಿದ್ದಿದ್ದರೆ ದೇಶ ಎಂದೋ ಉದ್ಧಾರವಾಗುತ್ತಿತ್ತು.

ಪಕ್ಕದ ಮನೆಯ ವಕೀಲರು ಒಂದು ಭಾನುವಾರ ಕಾಫಿ ಹೀರುತ್ತಾ, ಪಂಜರದ ಕಡೆ ನೋಡಿ, ‘ಇದು ಕಾನೂನು ಪ್ರಕಾರ ಅಪರಾಧ, ಗೊತ್ತಾ?’ ಎಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, ನಮ್ಮ ಮಾಮೂಲಿ ಗಿಳಿ ಎರಡನೇ ಅನುಸೂಚಿಯಲ್ಲಿದೆಯಂತೆ. ಆಸ್ಟ್ರೇಲಿಯಾ ಮೂಲದ ಬಡ್ಜಿಯನ್ನು ಸಾಕಬಹುದು, ಎದುರು ಮರದ ಗಿಳಿಯನ್ನು ಸಾಕುವಂತಿಲ್ಲ. ‘ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ’ ಎಂದು ಹೇಳಿ ಅವರು ಇನ್ನರ್ಧ ಲೋಟ ಕಾಫಿ ಕೇಳಿದರು. ‘ಕಾಪಾಡಿದ್ದಕ್ಕೆ ಜೈಲೇ?’ ಎಂದರು ಅಮ್ಮ. ‘ಕಾಪಾಡಿದ್ದಕ್ಕಲ್ಲಮ್ಮ, ಇಟ್ಕೊಂಡಿದ್ದಕ್ಕೆ.’ ಹೆಂಡತಿ ನನ್ನ ಕಡೆ ನೋಡಿದ ರೀತಿಯಲ್ಲಿ, ಮೂರು ವರ್ಷ ಎಂಬುದು ಆಕೆಗೆ ತೀರಾ ಕೆಟ್ಟ ಸುದ್ದಿಯಾಗಿ ಕಾಣಲಿಲ್ಲ.

ಫೋನ್ ಮಾಡಿದ ಮೇಲೆ ಅರಣ್ಯ ಇಲಾಖೆಯವರು ಬಂದರು, ಬೈಯಲಿಲ್ಲ. ‘ಗಂಡೋ ಹೆಣ್ಣೋ?’ ಎಂದು ಅಮ್ಮ ಕೇಳಿದ್ದಕ್ಕೆ, ಗಂಡಿಗೆ ಕೊರಳಪಟ್ಟಿ ಮೂಡಲು ಮೂರು ವರ್ಷದವರೆಗೂ ಹಿಡಿಯಬಹುದು, ಈಗಲೇ ಹೇಳಲಾಗದು ಎಂದರು. ಅಂದರೆ ಇಷ್ಟು ದಿನ ಅಮ್ಮ ಪಾಠ ಹೇಳಿದ್ದು ಮುನಿಗೋ ಮುನಿಪತ್ನಿಗೋ ತಿಳಿಯದು. ಮನುಷ್ಯರ ಕೈಯಲ್ಲಿ ಬೆಳೆದ ಮರಿಗೆ ಮನುಷ್ಯರ ಭಯವಿರುವುದಿಲ್ಲ. ಮೊದಲು ಬೇರೆ ಗಿಳಿಗಳ ಜೊತೆ ದೊಡ್ಡ ಬಲೆಮನೆಯಲ್ಲಿದ್ದು, ಹಾರುವುದನ್ನೂ ಹೆದರುವುದನ್ನೂ ಕಲಿತ ಮೇಲಷ್ಟೇ ಬಿಡುಗಡೆ. ಮುನಿ ಆ ಸಿಬ್ಬಂದಿಯ ಕೈಗವಸು ಕಚ್ಚಿ, ‘ರೀ…’ ಎನ್ನುತ್ತಾ ಜೀಪು ಹತ್ತಿತು. ಹೆಂಡತಿ, ನಾನು ಇಬ್ಬರೂ ತಿರುಗಿ ನೋಡಿದೆವು.

ಆದ್ದರಿಂದ ಓದುಗರಲ್ಲಿ ಅರಿಕೆ ಇಷ್ಟೇ. ಪೊಟರೆಯಿಂದ ಮರಿ ಬಿದ್ದಿದ್ದರೆ ಅದೇ ಪೊಟರೆಗೆ ಹಿಂತಿರುಗಿಸಿ. ಪೊಟರೆಯೇ ಇಲ್ಲದಿದ್ದರೆ ಅದೇ ಮರಕ್ಕೆ ಬುಟ್ಟಿಯೊಂದನ್ನು ಕಟ್ಟಿ ಅದರಲ್ಲಿಡಿ. ನೀವು ಮುಟ್ಟಿದಿರಿ ಎಂದು ತಾಯಿ ಮಡಿ ಮಾಡುವುದಿಲ್ಲ, ಬಂದು ಗುಟುಕು ಕೊಡುತ್ತದೆ. ಗಾಯವಾಗಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಗಿಳಿ ಮನೆಗೆ ಬರಲೇಬೇಕೆಂಬ ಆಸೆಯಿದ್ದರೆ ಹಿತ್ತಲಲ್ಲೊಂದು ಸೀಬೆ ಗಿಡ ನೆಡಿ. ಹಿಂಡೇ ಬರುತ್ತದೆ, ನಿಮಗೆ ಒಂದು ಹಣ್ಣೂ ಸಿಗುವುದಿಲ್ಲ. ಸರ್ಕಾರದ ಐದು ಗ್ಯಾರಂಟಿಗಳ ಜೊತೆಗೆ ಇದು ನನ್ನದು, ಆರನೆಯದು.